ಏರುವ ನೀರು, ಇಳಿಯುವ ಹೊಳೆ

ಹಿಮವದ್ ಗೋಪಾಲಸ್ವಾಮಿ ಬೆಟ್ಟದಿಂದ ಬಡಗಲಿಗೆ ಕಣ್ಣು ಹಾಯಿಸಿದರೆ ಗುಂಡ್ಲುಪೇಟೆ ಸೀಮೆಯ ಸೂರ್ಯಕಾಂತಿ, ಚೆಂಡುಹೂವು, ಅರಿಸಿನದ ಹೊಲಗಳು ಹರಡಿಕೊಂಡಿವೆ. ಗುಂಡ್ಲುಹೊಳೆಯನ್ನು ಮಾತ್ರ ಹುಡುಕಬೇಕು. ಇದು ಮಳೆಯ ಮರೆಯ ನಾಡು; ವರ್ಷದ ಬಹುಕಾಲ ಆ ಹೊಳೆ ಬರೀ ಒಣ ಪಾತ್ರ. ನೀರಿದ್ದಾಗ ಅದು ಕೆಳಗಿಳಿದು ನಂಜನಗೂಡಿನಲ್ಲಿ ಕಪಿಲೆಯನ್ನು, ಅಂದರೆ ಕಬಿನಿಯನ್ನು, ಸೇರುತ್ತದೆ. ನಾನು ಬೆರಗಾದದ್ದು ಅದಕ್ಕೆದುರಾಗಿ ಹೊರಟ ಇನ್ನೊಂದು ನೀರಿಗೆ. ಅದೇ ಕಪಿಲೆಯ ನೀರನ್ನು ಪಂಪುಗಳು ಮೇಲೆತ್ತಿ ಗುಂಡ್ಲುಪೇಟೆ, ಚಾಮರಾಜನಗರ ತಾಲ್ಲೂಕುಗಳ ಕೆರೆಗಳಿಗೆ ತುಂಬಿಸುತ್ತಿವೆ. ಅಲ್ಲಿ ನಂಜನಗೂಡಿನ ಸ್ನಾನಘಟ್ಟ ಮುಳುಗಿದ್ದರೆ ಇಲ್ಲಿ ಬಿರುಕುಬಿಟ್ಟ ಕೆರೆಯಂಗಳಕ್ಕೆ ಪೈಪಿನಿಂದ ನೀರು ಧುಮ್ಮಿಕ್ಕುತ್ತದೆ!

ಅಂಥದೊಂದು ಕೆರೆಯ ಏರಿಯ ಮೇಲೆ ನಡೆದೆ. ಏರಿ ಎತ್ತರ, ಕೋಡಿ ತಗ್ಗು. ಕೆರೆ ತುಂಬಿದರೆ ನೀರು ಏರಿಯ ನೆತ್ತಿಯನ್ನು ಮುಟ್ಟುವ ಮೊದಲೇ ಕೋಡಿಯ ಮೇಲೆ ಹಾಯ್ದು, ಕಾಲುವೆ ಹಿಡಿದು, ಕೆಳಗಿನ ಊರಿನ ಕೆರೆಗೆ ಹೋಗುತ್ತದೆ. ಅದು ತುಂಬಿದರೆ ಅದರಾಚೆಯದಕ್ಕೆ. ಕೋಡಿಗಲ್ಲುಗಳು ನೀರು ಹಾದು ಹಾದು ಕನ್ನಡಿಯಷ್ಟು ನುಣುಪಾಗಿದ್ದವು. ಒಂದೇ ರಾತ್ರಿ ಸುರಿದ ಮಳೆ ಹೊಳೆಗೆ ಒಮ್ಮೆಲೇ ನುಗ್ಗದಂತೆ ತಡೆದು, ಅಂತರ್ಜಲಕ್ಕೂ ಒಂದಿಷ್ಟು ಇಳಿಸಿ, ಮಿಕ್ಕದ್ದನ್ನು ಸಾವಕಾಶವಾಗಿ ಕಳಿಸುವ ಈ ಏರ್ಪಾಟಿಗೆ ವಿದ್ಯುತ್ತೂ ಬೇಡ, ಕಾವಲುಗಾರನೂ ಬೇಡ. ಇಂದಿನ ಎಂಜಿನಿಯರುಗಳು ‘ಮೃದು ಕ್ರಮ’ವೆಂದು ಹೊಸದಾಗಿ ಹೇಳುತ್ತಿರುವುದನ್ನು ನಮ್ಮ ಮಣ್ಣೊಡ್ಡರು, ನೀರುಗಂಟಿಗಳು ಕೈಯಾರೆ ಮಾಡಿದ್ದರು.

ಚಾಮರಾಜನಗರದಿಂದ ಸತ್ಯಮಂಗಲದ ರಸ್ತೆ ಹಿಡಿದರೆ ಸುವರ್ಣಾವತಿ, ಚಿಕ್ಕಹೊಳೆ ಎಂಬ ಜೋಡಿ ಜಲಾಶಯಗಳು. ಇವು ತುಂಬದ ವರ್ಷಗಳೇ ಹೆಚ್ಚು. ಆದರೆ 2022ರ ಮಳೆಗೆ ಎರಡೂ ಭರ್ತಿಯಾಗಿ, ಕೆಳಗೆ ಯಳಂದೂರು ತಾಲ್ಲೂಕಿನ ಹಳ್ಳಿಗಳಿಗೂ ಗದ್ದೆಗಳಿಗೂ ಹೊಳೆ ನುಗ್ಗಿತು. ಬರಕ್ಕೆ ಹೆಸರಾದ ಚಾಮರಾಜನಗರ ಜಿಲ್ಲೆಯಲ್ಲಿ ನೆರೆ!

ಜಿಲ್ಲೆಯ ದೊಡ್ಡ ನೆರೆ ಬರುವುದು ಕಾವೇರಿಯಿಂದ. ಕೊಳ್ಳೇಗಾಲ ತಾಲ್ಲೂಕಿನ ದಾಸನಪುರ, ಹಳೇ ಅಣಗಳ್ಳಿ, ಹಳೇ ಹಂಪಾಪುರ, ಮುಳ್ಳೂರುಗಳಿಗೆ 2018, 2019, 2022ರಲ್ಲಿ ನೀರು ನುಗ್ಗಿತು. ಹೊಳೆದಂಡೆಯಲ್ಲಿ ಮಾತಿಗೆ ಸಿಕ್ಕ ಹಿರಿಯರೊಬ್ಬರು ಹೇಳಿದರು: “ಡ್ಯಾಮಲ್ಲಿ ಬಾಗ್ಲು ತೆಗ್ದವ್ರ ಅಂತ ಗೊತ್ತಾದ್ರ ಮೊದ್ಲು ದನ ಬಿಚ್ಚದು ಕನ ಸ್ವಾಮಿ. ಆಮೇಲ ಅಕ್ಕಿ ಮೂಟ, ಆಮೇಲ ನಾವು.” ಅವರ ಮನೆಯ ಗೋಡೆಯ ಮೇಲೆ ಎದೆಯೆತ್ತರಕ್ಕೆ ನೀರಿನ ಕಂದು ಗೆರೆ ಇನ್ನೂ ಇತ್ತು.

ಕಾವೇರಿಗೆ ಕನ್ನಂಬಾಡಿಯಂಥ ಕಟ್ಟೆ ಇದ್ದೂ ಹೀಗೇಕೆ? 1911ರಲ್ಲಿ ಕೆಲಸ ಶುರುವಾದ ಆ ಅಣೆಕಟ್ಟೆ ಹಿಡಿಯುವುದು ಸುಮಾರು 49 ಟಿಎಂಸಿ. ಕಬಿನಿ ಜಲಾಶಯ ಹತ್ತೊಂಬತ್ತೂವರೆ. 2019ರ ಆಗಸ್ಟಿನಲ್ಲಿ ವಯನಾಡಿನ ಮಳೆಗೆ ಕಬಿನಿಯಿಂದ ಲಕ್ಷ ಕ್ಯೂಸೆಕ್‌ಗೂ ಮಿಕ್ಕಿ ನೀರು ಬಿಡಬೇಕಾಯಿತು. ಲಕ್ಷ ಕ್ಯೂಸೆಕ್ ಅಂದರೆ ಸೆಕೆಂಡಿಗೆ 28 ಲಕ್ಷ ಲೀಟರು. ಆ ರಭಸಕ್ಕೆ ಪೂರಾ ಖಾಲಿಯಿರುವ ಕಬಿನಿಯೂ ಎರಡೂಕಾಲು ದಿನದಲ್ಲಿ ತುಂಬಿಬಿಡುತ್ತದೆ. ಮೊದಲೇ ತುಂಬಿದ್ದರೆ ಬಂದಷ್ಟನ್ನೂ ಬಿಡಲೇಬೇಕು. ಎರಡು ಹೊಳೆಗಳ ಆ ಭಾರ ತಿರುಮಕೂಡಲಿನಲ್ಲಿ ಕೂಡಿ ಕೊಳ್ಳೇಗಾಲದ ಕಡೆಗೆ ಬರುತ್ತದೆ. ಬೇಸಾಯಕ್ಕೂ ಕುಡಿಯುವುದಕ್ಕೂ ನೀರು ತುಂಬಿಟ್ಟುಕೊಳ್ಳಬೇಕಾದ ಕಟ್ಟೆಯನ್ನೇ ನೆರೆಗಾಗಿ ಖಾಲಿಯೂ ಇಡಿ ಅನ್ನುವುದು ಸುಲಭದ ಮಾತಲ್ಲ.

ನೆರೆಗೆ ಬೇರೆ ದಾರಿ ಹುಡುಕಿದವರೂ ಇದ್ದಾರೆ. ನೆದರ್ಲೆಂಡ್ಸಿನವರು ನೈಮೇಗನ್ ನಗರದೆದುರು ವಾಲ್ ನದಿಯ ದಂಡೆಕಟ್ಟೆಯನ್ನು ಎತ್ತರಿಸುವ ಬದಲು 350 ಮೀಟರು ಹಿಂದಕ್ಕೆ ಸರಿಸಿ, ನದಿಗೆ ಇನ್ನೊಂದು ಕಾಲುವೆ ತೋಡಿಕೊಟ್ಟರು. ಅದಕ್ಕಾಗಿ ಹತ್ತಾರು ಮನೆಗಳನ್ನು ಬಿಡಿಸಬೇಕಾಯಿತು. ಸಮುದ್ರವನ್ನೇ ಕಟ್ಟೆ ಹಾಕಿ ನಿಲ್ಲಿಸಿದ ಜನ ನದಿಗೆ ನೆಲ ಬಿಟ್ಟುಕೊಟ್ಟದ್ದು ನನಗೆ ದೊಡ್ಡ ಸಂಗತಿಯಾಗಿ ಕಾಣುತ್ತದೆ.

ಹೊಳೆಗೆ ದಾರಿ ಬಿಟ್ಟ ಕಟ್ಟಡ ನಮ್ಮಲ್ಲೂ ಉಂಟು. ಶಿವನಸಮುದ್ರದ ವೆಲ್ಲೆಸ್ಲಿ ಸೇತುವೆಯ ಬಳಿ ಬಹಳ ಹೊತ್ತು ನಿಂತೆ. ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ರಾಮಸ್ವಾಮಿ ಮೊದಲಿಯಾರ್ ಕಟ್ಟಿಸಿದ್ದು. ಹೊಳೆಯ ಬಂಡೆಯ ಮೇಲೆ ಸಾಲುಸಾಲು ಕಲ್ಲುಕಂಬ, ಅವುಗಳ ಮೇಲೆ ಕಲ್ಲುಚಪ್ಪಡಿ. ಕಂಬಗಳ ಸಂದಿಯಲ್ಲೆಲ್ಲ ನೀರಿಗೆ ದಾರಿ. ಈಚಿನ ಪ್ರವಾಹಗಳಲ್ಲಿ ಅದರ ಒಂದು ಭಾಗ ಕೊಚ್ಚಿಹೋಗಿದೆ. ಉಳಿದ ಕಂಬಗಳನ್ನು ಕಂಡರೆ ಕೈ ಮುಗಿಯಬೇಕೆನಿಸುತ್ತದೆ.

ಅಣೆಕಟ್ಟು ಬೇಕು, ಹೊತ್ತಿಗೆ ಸರಿಯಾದ ಮುನ್ಸೂಚನೆ ಬೇಕು, ಊರ ಬದಿಗೆ ತಡೆಗೋಡೆಯೂ ಬೇಕು. ಆದರೆ ಒತ್ತುವರಿಯಾದ ಕೋಡಿ ಕಾಲುವೆಗಳನ್ನು ಬಿಡಿಸದೆ, ಹೂಳು ತೆಗೆಯದೆ, ಮತ್ತೆ ಮತ್ತೆ ಮುಳುಗುವ ಮನೆಗಳವರಿಗೆ ಅವರು ಒಪ್ಪುವ ಎತ್ತರದ ಜಾಗದಲ್ಲಿ, ಕೊಟ್ಟಿಗೆಗೂ ಇಂಬಿರುವಂತೆ ನಿವೇಶನ ಕೊಡದೆ ಬರೀ ಕಾಂಕ್ರೀಟು ಸುರಿದರೆ ಸಾಲದು. ಓದುಗರೇ, ನಿಮ್ಮೂರಿನ ಕೆರೆಯ ಕೋಡಿ ನೀರು ಎಲ್ಲಿಗೆ ಹೋಗುತ್ತದೆಂದು ಈ ಬೇಸಿಗೆಯಲ್ಲೇ ಒಮ್ಮೆ ಕಾಲುವೆಯುದ್ದಕ್ಕೂ ನಡೆದು ನೋಡಿ. ಎಲ್ಲಿ ಕಟ್ಟಿದೆಯೋ ಅದನ್ನು ಮಳೆಗಾಲಕ್ಕೆ ಮುಂಚೆ ಗ್ರಾಮಸಭೆಯಲ್ಲಿ ಎತ್ತಿ.