ಕೊಂಡಜ್ಜಿಯ ರಾತ್ರಿ ಕಾವಲು

ದಾವಣಗೆರೆ ಅಂದರೆ ಬೆಣ್ಣೆದೋಸೆ; ಹರಿಹರ ಅಂದರೆ ತುಂಗಭದ್ರೆ ಮತ್ತು ಹರಿಹರೇಶ್ವರ. ಈ ಎರಡೂ ಊರುಗಳಿಗೆ ಸಮೀಪದಲ್ಲೇ, ಹೆದ್ದಾರಿಯ ಗದ್ದಲದಿಂದ ಪಕ್ಕಕ್ಕೆ ಸರಿದು ಕೂತಿರುವ ಊರು ಕೊಂಡಜ್ಜಿ. ವಿಶಾಲವಾದ ಕೆರೆ, ಅದರ ಬೆನ್ನಿಗೆ ಗುಡ್ಡ, ಗಿಡಮರಗಳ ನೆರಳು. ಭಾನುವಾರ ಬುತ್ತಿ ಕಟ್ಟಿಕೊಂಡು ಬರುವವರಿಗೆ ಇಷ್ಟು ಸಾಕು. ಆದರೆ ನಾಡಿನ ಶಾಲಾ ಮಕ್ಕಳಿಗೆ ಕೊಂಡಜ್ಜಿ ಎಂದ ಕೂಡಲೇ ನೆನಪಾಗುವುದು ಸಮವಸ್ತ್ರ, ಕೊರಳ ಸ್ಕಾರ್ಫು, ಸೀಟಿಯ ಸದ್ದು. ಸ್ಕೌಟ್ಸ್ ಮತ್ತು ಗೈಡ್ಸ್ ಸಂಸ್ಥೆಯ ಶಿಬಿರ ತಾಣ ಇಲ್ಲಿದೆ.

ಈ ನೆಲಕ್ಕೆ ಆ ಹೆಸರು ತಂದವರು ಕೊಂಡಜ್ಜಿ ಬಸಪ್ಪನವರು. 1971ರಲ್ಲಿ ಚಿತ್ರದುರ್ಗ ಕ್ಷೇತ್ರದಿಂದ ಲೋಕಸಭೆಗೆ ಆರಿಸಿ ಹೋದ ಅವರು ರಾಜಕೀಯದಷ್ಟೇ, ಬಹುಶಃ ಅದಕ್ಕಿಂತ ಹೆಚ್ಚಾಗಿ, ಸ್ಕೌಟ್ ಚಳವಳಿಗೆ ಅಂಟಿಕೊಂಡವರು. ಬೆಂಗಳೂರಿನ ಅರಮನೆ ರಸ್ತೆಯಲ್ಲಿರುವ ಸ್ಕೌಟ್ಸ್ ಸಭಾಂಗಣಕ್ಕೂ ಅವರದೇ ಹೆಸರು.

ಹಗಲಿನ ಶಿಬಿರವನ್ನು ನೋಡಿದವರು ಬಹಳ ಮಂದಿ. ಗಂಟು ಹಾಕುವುದು, ಡೇರೆ ಹೂಡುವುದು, ಮೂರು ಕಲ್ಲಿನ ಒಲೆಯ ಮೇಲೆ ಅರೆಬೆಂದ ಅನ್ನ ಮಾಡುವುದು, ಸಂಜೆ ಶಿಬಿರಾಗ್ನಿಯ ಸುತ್ತ ಹಾಡಿ ಕುಣಿಯುವುದು ಇವೆಲ್ಲ ಫೋಟೋಗಳಲ್ಲಿ ಬರುತ್ತವೆ. ಫೋಟೋದಲ್ಲಿ ಬಾರದ ಪಾಠ ಒಂದಿದೆ. ಅದು ದೀಪ ಆರಿದ ಮೇಲೆ ಶುರುವಾಗುವ ಪಾಳಿಯ ಕಾವಲು.

"ಮನೇಲಿ ಒಂಬತ್ತಕ್ಕೇ ಮಲಗೋ ಹುಡುಗ ಸಾರ್, ರಾತ್ರಿ ಎರಡಕ್ಕೆ ಎಬ್ಬಿಸಿ ಕಾವಲಿಗೆ ನಿಲ್ಲಿಸ್ತೀರಂತೆ?" ಎಂದು ಸ್ಕೌಟ್ ಮಾಸ್ತರರನ್ನು ಕೇಳುವ ತಾಯಂದಿರು ಎಲ್ಲ ಊರಲ್ಲೂ ಇದ್ದಾರೆ. ಅಪ್ಪಂದಿರ ಪ್ರಶ್ನೆ ಬೇರೆ: "ಈ ಸರ್ಟಿಫಿಕೇಟು ಎಷ್ಟು ಮಾರ್ಕಿಗೆ ಬರುತ್ತೆ?" ಎರಡಕ್ಕೂ ಉತ್ತರ ಕೆರೆ ದಂಡೆಯ ಕತ್ತಲಲ್ಲೇ ಹುಡುಕಬೇಕು.

ಕತ್ತಲು ಎಂದರೆ ವಿಜ್ಞಾನವೂ ಹೌದು. ನಮ್ಮ ಅಕ್ಷಿಪಟಲದಲ್ಲಿ ಎರಡು ಬಗೆಯ ಕೋಶಗಳಿವೆ. ಶಂಕುಗಳು ಹಗಲಿಗೆ, ಬಣ್ಣಕ್ಕೆ, ಸರಳುಗಳು ಇರುಳಿಗೆ. ಬೆಳಕಿನಿಂದ ಕತ್ತಲಿಗೆ ಬಂದಾಗ ಸರಳುಗಳಲ್ಲಿನ ರೊಡಾಪ್ಸಿನ್ ಎಂಬ ವಸ್ತು ಮತ್ತೆ ತುಂಬಿಕೊಳ್ಳಲು 20ರಿಂದ 30 ನಿಮಿಷ ಬೇಕು. ಆದ್ದರಿಂದಲೇ ಈಗ ತಾನೇ ಎದ್ದು ದೀಪ ನೋಡಿ ಬಂದ ಕಾವಲುಗಾರ ಮೊದಲ ಅರ್ಧ ಗಂಟೆ ಅರೆಕುರುಡನಿದ್ದಂತೆ. ಒಮ್ಮೆ ಟಾರ್ಚನ್ನು ಕಣ್ಣಿಗೆ ಬಿಟ್ಟರೆ ಮುಗಿಯಿತು, ಲೆಕ್ಕ ಮತ್ತೆ ಮೊದಲಿನಿಂದ! ಇನ್ನೊಂದು ಸೋಜಿಗ: ಅಕ್ಷಿಪಟಲದ ನಟ್ಟನಡುವೆ ಸರಳುಗಳೇ ಇಲ್ಲ. ಕತ್ತಲಲ್ಲಿ ಮಸುಕಾದ ಆಕಾರವನ್ನು ನೇರ ದಿಟ್ಟಿಸಿದರೆ ಅದು ಮಾಯವಾಗುತ್ತದೆ. ತುಸು ಪಕ್ಕಕ್ಕೆ ನೋಡಿದರೆ ಕಾಣುತ್ತದೆ. ಇದನ್ನು ಪಠ್ಯಪುಸ್ತಕದಲ್ಲಿ ಓದಿ ಮರೆಯುವ ಹುಡುಗ, ಕೆರೆಯ ಕಡೆ ಕಂಡದ್ದು ಬಂಡೆಯೋ ದನವೋ ಎಂದು ಒಮ್ಮೆ ತೀರ್ಮಾನಿಸಬೇಕಾಗಿ ಬಂದರೆ ಮರೆಯಲಾರ.

ಬೆಳಗಿನ ಜಾವದ ಪಾಳಿ ಎಲ್ಲಕ್ಕಿಂತ ಕಷ್ಟದ್ದು. ಮೂರರಿಂದ ಐದರ ನಡುವೆ ದೇಹದ ಉಷ್ಣತೆ ಅತಿ ಕೆಳಕ್ಕೆ ಇಳಿದಿರುತ್ತದೆ, ಮೆದುಳು ನಿದ್ದೆಗೆ ಎಳೆಯುತ್ತದೆ. ಕಾರ್ಖಾನೆ, ಬ್ಯಾಂಕು, ಆಸ್ಪತ್ರೆಗಳ ಗೇಟಿನಲ್ಲಿ ಸ್ಟೂಲಿನ ಮೇಲೆ ಕೂತ ವಾಚ್‌ಮನ್ ತೂಕಡಿಸುವುದನ್ನು ನೋಡಿ ನಗುವ ನಾವು ಇದನ್ನು ನೆನೆಯಬೇಕು.

ಸ್ಕೌಟ್ ಚಳವಳಿಯ ಬೀಜ ಬಿದ್ದದ್ದೂ ಕಾವಲಿನಲ್ಲೇ. ದಕ್ಷಿಣ ಆಫ್ರಿಕದ ಮ್ಯಾಫೆಕಿಂಗ್ ಊರಿಗೆ 1899ರ ಅಕ್ಟೋಬರಿನಿಂದ 217 ದಿನ ಮುತ್ತಿಗೆ ಬಿದ್ದಾಗ, ಸೈನಿಕರ ಕೊರತೆಯಿಂದ ಊರಿನ ಹುಡುಗರೇ ಸಂದೇಶ ಒಯ್ದರು, ಕಾವಲು ನಿಂತರು. ಅದನ್ನು ಕಂಡ ಬೇಡನ್ ಪೊವೆಲ್ 1907ರಲ್ಲಿ ಬ್ರೌನ್‌ಸೀ ದ್ವೀಪದಲ್ಲಿ ಇಪ್ಪತ್ತು ಹುಡುಗರ ಮೊದಲ ಶಿಬಿರ ನಡೆಸಿದರು. ಆದರೆ ಅದೇ ಮುತ್ತಿಗೆಯಲ್ಲಿ ಊರನ್ನು ಕಾದ ಬರೊಲಾಂಗ್ ಎಂಬ ಸ್ಥಳೀಯ ಕರಿಯ ಜನರಿಗೆ ತಕ್ಕ ಮನ್ನಣೆ ಸಿಗಲಿಲ್ಲ ಎಂಬುದನ್ನೂ ಹೇಳದೆ ಬಿಡಬಾರದು. ಕಾದವರೆಲ್ಲರ ಎದೆಗೂ ಪದಕ ಏರುವುದಿಲ್ಲ.

ಶಿಬಿರದಲ್ಲಿ ಆರರಿಂದ ಎಂಟು ಹುಡುಗರ ತಂಡಕ್ಕೆ 'ಪಟ್ರೋಲ್' ಎನ್ನುತ್ತಾರೆ, ಅಂದರೆ ಗಸ್ತು. ಅದರ ನಾಯಕನ ಜೇಬಿನ ಮೇಲೆ ಎರಡು ಪಟ್ಟಿ. ಪಟ್ಟಿ ನೋಡಿ ಮೊದಲ ದಿನ ಅವನು ಬೀಗುತ್ತಾನೆ. ಎರಡನೇ ರಾತ್ರಿ ಅದರ ತೂಕ ಗೊತ್ತಾಗುತ್ತದೆ: ಜ್ವರ ಬಂದವನ ಪಾಳಿಯನ್ನು ಯಾರು ನಿಲ್ಲಬೇಕು? ನಿದ್ದೆಯಿಂದ ಏಳದವನನ್ನು ಬೈದು ಎಬ್ಬಿಸಬೇಕೇ, ತಾನೇ ನಿಲ್ಲಬೇಕೇ? ಮುಂದಿನ ಪದಕಗಳೆಲ್ಲ, ರಾಜ್ಯಪಾಲರ ಸಹಿಯ ರಾಜ್ಯ ಪುರಸ್ಕಾರವಾಗಲಿ, ರಾಷ್ಟ್ರಪತಿಗಳ ಸಹಿಯ ಪ್ರಶಸ್ತಿಯಾಗಲಿ, ಹಂತ ಹಂತವಾಗಿ ಪರೀಕ್ಷೆ ಕೊಟ್ಟು ಗಳಿಸುವಂಥವು. ಆದರೆ ಈ ಪ್ರಶ್ನೆಗೆ ಅವನು ಕೊಟ್ಟ ಉತ್ತರವನ್ನು ಬಲ್ಲವರು ಡೇರೆಯೊಳಗಿನ ಆರೇಳು ಜನ ಮಾತ್ರ.

ದೊಡ್ಡವರ ಲೋಕಕ್ಕೆ ಬಂದರೆ ಪೊಲೀಸರಿಗೆ ಮುಖ್ಯಮಂತ್ರಿಗಳ ಪದಕವಿದೆ. ಏಪ್ರಿಲ್ 2ರ ಪೊಲೀಸ್ ಧ್ವಜ ದಿನದಂದು ಕೊಡುವ ಪದ್ಧತಿ. ಗೃಹರಕ್ಷಕರಿಗೂ ರಾಷ್ಟ್ರಪತಿ ಪದಕದ ದಾರಿ ತೆರೆದಿದೆ. ಆಯುಧವಿಲ್ಲದ ಕಾವಲುಗಾರರಿಗೆ ದೇಶ ತಲೆಬಾಗಿದ ದಿನವೂ ಒಂದಿತ್ತು. ಬಸಪ್ಪನವರು ಸದಸ್ಯರಾಗಿ ಕೂತಿದ್ದ ಅದೇ ಸಂಸತ್ ಭವನ, ಈಗಿನ ಸಂವಿಧಾನ ಸದನ. 2001ರ ಡಿಸೆಂಬರ್ 13ರಂದು ಉಗ್ರರು ಕಾರಿನಲ್ಲಿ ಆವರಣದೊಳಕ್ಕೆ ನುಗ್ಗಿದರು. ಸಂಸತ್ತಿನ ಕಾವಲು ಸಿಬ್ಬಂದಿ ಜಗದೀಶ್ ಪ್ರಸಾದ್ ಯಾದವ್ ಮತ್ತು ಮಾತ್‌ಬರ್ ಸಿಂಗ್ ನೇಗಿ ಅವರ ಕೈಯಲ್ಲಿ ಬಂದೂಕಿರಲಿಲ್ಲ. ಎಚ್ಚರಿಸುವುದು, ಬಾಗಿಲು ಮುಚ್ಚಿಸುವುದು, ಅವರು ಮಾಡಿದ್ದು ಇಷ್ಟೇ. ಬಾಗಿಲು ಮುಚ್ಚಿದ್ದರಿಂದ ಒಳಗಿದ್ದವರು ಉಳಿದರು, ಅವರಿಬ್ಬರು ಉಳಿಯಲಿಲ್ಲ. ಕೇಂದ್ರ ಮೀಸಲು ಪಡೆಯ ಕಮಲೇಶ್ ಕುಮಾರಿಯವರೊಡನೆ ಅವರಿಗೂ 2002ರಲ್ಲಿ ಅಶೋಕ ಚಕ್ರ ಸಂದಿತು.

ಖಾಸಗಿ ಏಜೆನ್ಸಿಯ ಗಾರ್ಡುಗಳ ಕತೆ ಬೇರೆ. 2005ರ ಕೇಂದ್ರ ಕಾಯ್ದೆ ಬಂದಿದೆ. ಅದರ ಮಾದರಿ ನಿಯಮಗಳಲ್ಲಿ 100 ಗಂಟೆ ತರಗತಿ, 60 ಗಂಟೆ ಕ್ಷೇತ್ರ ತರಬೇತಿ ಎಂದಿದೆ. ತರಬೇತಿ, ಲೈಸೆನ್ಸು, ಗುರುತಿನ ಚೀಟಿ ಎಲ್ಲದಕ್ಕೂ ಕಾಯ್ದೆಯಲ್ಲಿ ಜಾಗವಿದೆ, ಚೆನ್ನಾಗಿ ಕಾದವನನ್ನು ಗೌರವಿಸುವುದಕ್ಕಿಲ್ಲ. ಅದನ್ನು ಅವನು ಕಾಯುವ ಶಾಲೆ, ಬ್ಯಾಂಕು, ಅಪಾರ್ಟ್‌ಮೆಂಟಿನವರೇ ಮಾಡಬೇಕು. ಶಾಲಾ ವಾರ್ಷಿಕೋತ್ಸವದಲ್ಲಿ ರ‍್ಯಾಂಕಿನವರಿಗೆ, ಓಟದಲ್ಲಿ ಗೆದ್ದವರಿಗೆ, ದಾನಿಗಳಿಗೆ ಶಾಲು ಹೊದಿಸಿ ಮುಗಿಯುವ ಹೊತ್ತಿಗೆ ಗೇಟಿನವನು ಸ್ಕೂಟರುಗಳನ್ನು ಸಾಲಾಗಿ ನಿಲ್ಲಿಸುತ್ತಿರುತ್ತಾನೆ. ಅವನ ಪೂರ್ತಿ ಹೆಸರು ಎಷ್ಟು ಮಕ್ಕಳಿಗೆ ಗೊತ್ತು?

ಶಿಬಿರದ ಕೊನೆಯ ಬೆಳಿಗ್ಗೆ ಧ್ವಜ ಏರಿದ ಮೇಲೆ ತಪಾಸಣೆ. ಡೇರೆ ಚೊಕ್ಕಟವಾಗಿದ್ದ ತಂಡಕ್ಕೆ, ಅಡುಗೆ ಚೆನ್ನಾಗಿ ಮಾಡಿದ ತಂಡಕ್ಕೆ ಚಪ್ಪಾಳೆ. ಬಸ್ಸು ಬಂದು ನಿಲ್ಲುತ್ತದೆ, ಟ್ರಂಕು, ಚಾಪೆ ಏರುತ್ತವೆ. ಜಾವದ ಪಾಳಿ ಮುಗಿಸಿದ ಹುಡುಗ ಕಿಟಕಿಯ ಪಕ್ಕ ಸೀಟು ಹಿಡಿದರೂ ಕೆರೆ ಮರೆಯಾಗುವ ಮುನ್ನವೇ ನಿದ್ದೆ ಹೋಗಿರುತ್ತಾನೆ. ತಂಡದ ನಾಯಕ ಮಾತ್ರ ಬಾಗಿಲ ಹತ್ತಿರ ನಿಂತು ತಲೆ ಎಣಿಸುತ್ತಾನೆ, ಇನ್ನೊಮ್ಮೆ ಎಣಿಸುತ್ತಾನೆ, ಆಮೇಲೆ "ಎಲ್ಲಾ ಬಂದ್ರು ಸಾರ್" ಎನ್ನುತ್ತಾನೆ.