ನೀರು ಬಿಟ್ಟುಹೋದ ದ್ವೀಪ, ನೀರು ತಂದಿಟ್ಟ ದ್ವೀಪ

ಏಳು ಗಂಟೆಗೆ ಇನ್ನೂ ಹತ್ತು ನಿಮಿಷವಿದೆ. ಜನವರಿಯ ದೆಹಲಿಯಲ್ಲಿ ಆ ಹೊತ್ತಿಗೆ ಸೂರ್ಯನ ಸುಳಿವಿರುವುದಿಲ್ಲ. ಕಾಶ್ಮೀರಿ ಗೇಟಿನ ಬಸ್ ನಿಲ್ದಾಣದ ಹಿಂದೆ ರಿಂಗ್ ರೋಡಿನಿಂದ ಕೆಳಗಿಳಿದು ಯಮುನಾ ಬಜಾರಿನ ಓಣಿ ಹೊಕ್ಕಿದ್ದೀರಿ. ಎಡಬಲಕ್ಕೆ ಪುರೋಹಿತರ ಮನೆಗಳು, ಸಣ್ಣ ಸಣ್ಣ ಗುಡಿಗಳು, ಚಹಾ ಕುದಿಯುತ್ತಿರುವ ಒಂದು ಅಂಗಡಿ. ಘಾಟಿನ ಮೆಟ್ಟಿಲು ಇಳಿಯುವಷ್ಟರಲ್ಲಿ ಎರಡು ವಾಸನೆ ಒಟ್ಟಿಗೇ ಮೂಗಿಗೆ ಬಡಿಯುತ್ತವೆ. ಒಂದು ಪಕ್ಕದ ನಿಗಮ್‌ಬೋಧ್ ಸ್ಮಶಾನದ ಕಟ್ಟಿಗೆಯ ಹೊಗೆ, ಇನ್ನೊಂದು ಚರಂಡಿ. ನದಿ ಕಾಣುವುದು ಆಮೇಲೆ.

ದೋಣಿಯವನು ಮಂಕಿ ಕ್ಯಾಪಿನೊಳಗಿಂದ ನಿಮ್ಮನ್ನು ಅಳೆಯುತ್ತಾನೆ. ಇಲ್ಲಿಗೆ ಬರುವವರು ಹಕ್ಕಿಗಳ ಫೋಟೊಗೆ ಬರುತ್ತಾರೆ, ಮದುವೆಗೆ ಮುಂಚಿನ ಫೋಟೊ ಶೂಟಿಗೆ ಬರುತ್ತಾರೆ. ನದಿಯ ನಡುವಿನ ಮರಳದಿಬ್ಬದ ಮೇಲೆ ಇಳಿಯಬೇಕು ಎನ್ನುವವರು ಕಡಿಮೆ.

"ಟಾಪೂ ಮೇಲಾ? ಅಲ್ಲೇನಿದೆ ಸಾಬ್, ಯಾರೂ ಇಲ್ಲ."

"ಅದಕ್ಕೇ ಭೈಯಾ."

ನಿಮ್ಮ ತಲೆ ಸರಿಯಿಲ್ಲ ಎಂದು ಅವನಿಗೆ ಖಾತ್ರಿಯಾಗುತ್ತದೆ, ಬಾಡಿಗೆ ಹೆಚ್ಚಾಗುತ್ತದೆ. 2011ರ ಜನಗಣತಿಯ ದೆಹಲಿಯಲ್ಲಿ ಚದರ ಕಿಲೋಮೀಟರಿಗೆ 11,320 ಜನ. ಆ ನಗರದ ನಟ್ಟನಡುವೆ ಸೊನ್ನೆ ಜನರ ನೆಲವೊಂದಕ್ಕೆ ಹೋಗಿಬರಲು ಕೊಡುವ ದುಡ್ಡೆಂದು ಲೆಕ್ಕ ಹಾಕಿದರೆ ಅದು ದುಬಾರಿಯೇನಲ್ಲ.

ದೋಣಿ ಜರುಗುತ್ತದೆ. ಮಂಜು ಎಷ್ಟು ದಟ್ಟವೆಂದರೆ ಹುಟ್ಟಿನ ತುದಿ ಕಾಣುತ್ತದೆ, ಅದು ಮುಳುಗುವ ನೀರು ಕಾಣುವುದಿಲ್ಲ. ಅಷ್ಟರಲ್ಲಿ ದೋಣಿಯವನು ಗಂಟಲೆತ್ತಿ ಆವ್, ಆವ್, ಆವ್ ಎಂದು ಕೂಗುತ್ತಾನೆ. ಬಿಳಿಯ ಗೋಡೆಯೊಂದು ಒಡೆದಂತಾಗಿ ನೂರಾರು ಕಡಲಹಕ್ಕಿಗಳು ತಲೆಯ ಮೇಲೆ ಎರಗುತ್ತವೆ. ಸಮುದ್ರದ ಗಂಧವೇ ಇಲ್ಲದ ಊರಿನಲ್ಲಿ ಕಡಲಹಕ್ಕಿ! ಕಂದು ತಲೆಯವು ಲಡಾಖ್, ಟಿಬೆಟ್ಟಿನ ಎತ್ತರದ ಸರೋವರಗಳಲ್ಲಿ ಮರಿ ಮಾಡಿ ಚಳಿಗೆ ಇಲ್ಲಿಗಿಳಿಯುತ್ತವೆ. ಕರಿತಲೆಯವು ಇನ್ನೂ ದೂರದ ಉತ್ತರದವು. ಹೆಸರು ಕರಿತಲೆಯಾದರೂ ಈ ಕಾಲದಲ್ಲಿ ತಲೆ ಬೆಳ್ಳಗೆ, ಕಣ್ಣಿನ ಹಿಂದೆ ಮಾತ್ರ ಒಂದು ಕರಿ ಬೊಟ್ಟು. ಅವುಗಳಿಗೆ ಎರಚಲೆಂದು ಘಾಟಿನಲ್ಲಿ ಸೇವಿನ ಪೊಟ್ಟಣ ಮಾರುತ್ತಾರೆ. ಟಿಬೆಟ್ಟಿನಿಂದ ಹಿಮಾಲಯ ದಾಟಿ ಬಂದ ಜೀವಕ್ಕೆ ಕರಿದ ಕಡಲೆಹಿಟ್ಟು ತಿನ್ನಿಸುವುದು ದೆಹಲಿಯ ಆತಿಥ್ಯ. ನೀವು ಎರಚುವುದಿಲ್ಲ. ಹಕ್ಕಿಗಳು ಬೈದಂತೆ ಕಿರುಚಿ ಬೇರೆ ದೋಣಿಗೆ ಹೋಗುತ್ತವೆ.

ಈಗ ನೀರು ಕಾಣುತ್ತದೆ. ಕಪ್ಪು. ತಳದಿಂದ ಗುಳುಗುಳು ಎಂದು ಗುಳ್ಳೆಗಳೇಳುತ್ತವೆ. ಮೀನಲ್ಲ, ಕೊಳೆತ ಹೂಳಿನ ಅನಿಲ. ಯಮುನೆಯನ್ನು ಹರಿಯಾಣದ ಹಥ್ನಿಕುಂಡದಲ್ಲಿ ಕಾಲುವೆಗಳಿಗೆ ತಿರುಗಿಸುತ್ತಾರೆ. ಉಳಿದು ಬಂದದ್ದನ್ನು ದೆಹಲಿಯ ವಜೀರಾಬಾದ್ ಬ್ಯಾರೇಜಿನಲ್ಲಿ ತಡೆದು ನಗರಕ್ಕೆ ಕುಡಿಸುತ್ತಾರೆ. ಬ್ಯಾರೇಜಿನ ಕೆಳಗೆ ನಜಫ್‌ಗಢ ನಾಲೆ ಬಂದು ಸೇರುತ್ತದೆ. ಅದೂ ಒಂದು ಕಾಲಕ್ಕೆ ಸಾಹಿಬಿ ಎಂಬ ನದಿಯ ದಾರಿಯಾಗಿತ್ತು. ಹಾಗಾಗಿ ಮಳೆಯಿಲ್ಲದ ತಿಂಗಳುಗಳಲ್ಲಿ ಈ ಘಾಟಿನ ಮುಂದೆ ಹರಿಯುವುದರಲ್ಲಿ ಬಹುಪಾಲು ಹಿಮಾಲಯದ ನೀರಲ್ಲ, ಪಶ್ಚಿಮ ದೆಹಲಿಯ ಬಚ್ಚಲ ನೀರು. 1,376 ಕಿಲೋಮೀಟರ್ ಉದ್ದದ ನದಿಯಲ್ಲಿ ವಜೀರಾಬಾದಿನಿಂದ ಓಖ್ಲಾದವರೆಗಿನ 22 ಕಿಲೋಮೀಟರೆಂದರೆ ಎರಡು ಪರ್ಸೆಂಟೂ ಇಲ್ಲ. ನದಿಯ ಒಟ್ಟು ಕೊಳೆಯ ಮುಕ್ಕಾಲು ಪಾಲು ಸೇರುವುದು ಇಷ್ಟರೊಳಗೇ.

ದೋಣಿಯ ಮೂತಿ ಮೆತ್ತಗಿನದಕ್ಕೆ ತಾಗುತ್ತದೆ. ಚಪ್ಪಲಿ ಕೈಲಿ ಹಿಡಿಯಬೇಡಿ, ಶೂ ಬಿಚ್ಚಲೇಬೇಡಿ. ಒಡೆದ ಗಾಜಿದೆ.

ಮೊದಲ ನಾಲ್ಕು ಹೆಜ್ಜೆ ಕೆಸರು, ಆಮೇಲೆ ಮರಳು. ಬಗ್ಗಿ ಒಂದು ಹಿಡಿ ಎತ್ತಿಕೊಳ್ಳಿ. ನೀರು ಬಚ್ಚಲಿನದಾದರೂ ಮರಳು ಅಪ್ಪಟ ಹಿಮಾಲಯದ್ದು. ಬೂದು ಬಣ್ಣ, ನಡುವೆ ಕಾಗೆಬಂಗಾರದ ಚೂರುಗಳ ಮಿನುಗು. ಮಳೆಗಾಲದ ನೆರೆ ಬೆಟ್ಟದಿಂದ ಹೊತ್ತು ತಂದು, ಸೆಳೆತ ಸೋತಲ್ಲಿ ಇಳಿಸಿಹೋದದ್ದು. ಮುಂದಿನ ನೆರೆ ಅದನ್ನೇ ಎತ್ತಿ ಇನ್ನೊಂದೆಡೆ ಇಡುತ್ತದೆ. ಹಾಗಾಗಿ ಇದಕ್ಕೆ ಹೆಸರಿಲ್ಲ, ನಕ್ಷೆಯಲ್ಲಿ ಜಾಗವಿಲ್ಲ, ಖಾತೆಯಿಲ್ಲ. ದೆಹಲಿಯಲ್ಲಿ ಬ್ರೋಕರ್ ಇಲ್ಲದ ಜಮೀನು ಇದೊಂದೇ ಇರಬೇಕು.

ನಡೆಯಿರಿ. ಉದ್ದಕ್ಕೆ ಒಣಗಿ ನಿಂತ ಕಾಂಸ್ ಹುಲ್ಲು, ಅಂಚಿನಲ್ಲಿ ಜೊಂಡು, ನೀರಿಗೆ ತಾಗಿದಲ್ಲೆಲ್ಲ ಜಲಕುಂಭಿ. ಮೆಟ್ಟುಗಾಲು ಹಕ್ಕಿಗಳು ಕೆಂಪು ಕಡ್ಡಿಗಾಲುಗಳ ಮೇಲೆ ಆ ಕಪ್ಪು ನೀರಲ್ಲಿ ನಿಂತು ಹುಳ ಹೆಕ್ಕುತ್ತಿವೆ. ಕೊಳೆ ಅವಕ್ಕೆ ಹಬ್ಬ. ಟಿಟ್ಟಿಭವೊಂದು ನಿಮ್ಮನ್ನು ಕಂಡು ಇಡೀ ದಿಬ್ಬಕ್ಕೇ ಸುದ್ದಿ ಮುಟ್ಟಿಸುತ್ತದೆ. ಮರಳ ಮೇಲೆ ನಾಯಿಯ ಹೆಜ್ಜೆ, ಹಕ್ಕಿಯ ಹೆಜ್ಜೆ. ಸ್ವಲ್ಪ ಮುಂದೆ ಹುಲ್ಲು, ಬಿದಿರು, ಸೆಣಬಿನ ಹಗ್ಗದ ಒಂದು ಮುಂಡ ಮಲಗಿದೆ. ದುರ್ಗೆಯದೋ ವಿಶ್ವಕರ್ಮನದೋ ಹೇಳಲಾಗದು. ಮಣ್ಣು ಕರಗಿಹೋಗಿ ಅಸ್ಥಿಪಂಜರ ಉಳಿದಿದೆ. ಅದರ ಸುತ್ತ ಜರಿಯ ಚುನರಿ, ತೆಂಗಿನಕಾಯಿ, ಫ್ರೇಮು ಬಿಟ್ಟ ದೇವರ ಪಟ, ಔಷಧಿಯ ಬಾಟಲಿ. ನಗರದಲ್ಲಿ ಬಿಸಾಡಲು ಮನಸ್ಸು ಬಾರದ್ದನ್ನೆಲ್ಲ ಜನ ನದಿಗೆ ಒಪ್ಪಿಸುತ್ತಾರೆ, ನದಿ ಇಲ್ಲಿಗೆ ತಂದು ಒಪ್ಪಿಸುತ್ತದೆ.

ಯಾರೂ ಇಲ್ಲ ಎಂದಿದ್ದನಲ್ಲ, ಅದೂ ಪೂರ್ತಿ ನಿಜವಲ್ಲ. ಜೊಂಡಿನ ಮರೆಯಲ್ಲಿ ಮೂರು ಇಟ್ಟಿಗೆಯ ಒಲೆ, ಬೂದಿ. ಪಕ್ಕದಲ್ಲಿ ಥರ್ಮಾಕೋಲ್ ತುಂಡುಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಬಿಗಿದ ತೆಪ್ಪ. ಸೇತುವೆಯಿಂದ ಭಕ್ತರು ಎಸೆದ ನಾಣ್ಯಗಳನ್ನು ದಾರಕ್ಕೆ ಕಟ್ಟಿದ ಅಯಸ್ಕಾಂತದಿಂದ ಎತ್ತುವ ಹುಡುಗರು ಇಂಥದರ ಮೇಲೆಯೇ ಓಡಾಡುತ್ತಾರೆ. ಅವರು ಬರುತ್ತಾರೆ, ಹೋಗುತ್ತಾರೆ, ಇರುವುದಿಲ್ಲ. ಇರಲು ಬಿಡುವುದಿಲ್ಲ ಎನ್ನುವುದೇ ಸರಿ. ನದಿಯ ಈ ಬಯಲನ್ನು ದೆಹಲಿಯವರು ಖಾದರ್ ಎನ್ನುತ್ತಾರೆ. ಇದೇ ದಡದಲ್ಲಿ ಯಮುನಾ ಪುಷ್ತಾ ಎಂಬ ದೊಡ್ಡ ಕೊಳೆಗೇರಿ ಇತ್ತು. 2004ರಲ್ಲಿ ಬುಲ್ಡೋಜರುಗಳು ಬಂದು ಸಾವಿರಾರು ಕುಟುಂಬಗಳನ್ನು ಎಬ್ಬಿಸಿದವು. 2015ರ ಜನವರಿಯಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಈ ಬಯಲಿನಲ್ಲಿ ತಿನ್ನುವ ಬೆಳೆ ಬೆಳೆಯಕೂಡದೆಂದಿತು. ಕಾರಣ ಸರಿಯಾದದ್ದೇ, ಈ ನೀರು ಕುಡಿದ ಸೊಪ್ಪು ತಟ್ಟೆಗೆ ಬರಬಾರದು. ಆದರೆ ನೀರು ಕೆಡಿಸಿದವರಿಗಿಂತ ಮೊದಲು ಎದ್ದುಹೋಗಬೇಕಾದವರು ಸೊಪ್ಪು ಬೆಳೆದವರು. ದೂರದ ಸಾಗರದ ದ್ವೀಪ ನಿರ್ಜನವಾಗಿರಲು ಸಿಹಿನೀರಿಲ್ಲದ್ದು ಸಾಕು. ನಗರದೊಳಗಿನ ನೆಲ ನಿರ್ಜನವಾಗಲು ಆರ್ಡರು ಬೇಕು.

ಮತ್ತೆ ದೋಣಿ. ಮಂಜು ತೆಳುವಾಗಿದೆ. ಹೊಳೆಯ ಕೆಳದಿಕ್ಕಿಗೆ ಲೋಹೇ ಕಾ ಪುಲ್, ಹಳೆಯ ಕಬ್ಬಿಣದ ಸೇತುವೆ. ಅದರ ಮೊದಲ ಸಾಲು ಮುಗಿದದ್ದು 1866ರಲ್ಲಿ. ಮೇಲೆ ರೈಲು, ಕೆಳಗಿನ ಅಂತಸ್ತಿನಲ್ಲಿ ವಾಹನಗಳು. ಗಾಡಿಯೊಂದು ಗಡಗಡಿಸಿ ಹೋಗುತ್ತದೆ. ಅದು ಹೋಗಿ ಹೊಗುವ ಕಡೆ ನೋಡಿ. ಬಲದಂಡೆಯ ಮರಗಳ ಹಿಂದೆ ದುಂಡು ಬುರುಜುಗಳ ಬೂದುಗಪ್ಪು ಗೋಡೆ. ಅದು ಸಲೀಂಗಢ. ದೆಹಲಿಯ ಹಳೆಯ ದ್ವೀಪ.

ಶೇರ್ ಶಾಹನ ಮಗ ಸಲೀಂ ಶಾಹ ಸೂರಿ 1546ರಲ್ಲಿ ಅದನ್ನು ಕಟ್ಟಿಸುವಾಗ ಯಮುನೆ ಅದರ ಸುತ್ತ ಇತ್ತು. ಹುಮಾಯೂನ್ ಮರಳಿ ಬರುತ್ತಾನೆಂಬ ಭಯಕ್ಕೆ ಕಟ್ಟಿದ ಕೋಟೆ. ಗೋಡೆ ಎದ್ದಿತು, ಒಳಗಿನದು ಪೂರ್ತಿಯಾಗುವ ಮೊದಲೇ ಸಲೀಂ ಸತ್ತ, ಹುಮಾಯೂನ್ ಬಂದೇ ಬಂದ. ಜಹಾಂಗೀರ ದಡದಿಂದ ಒಂದು ಕಮಾನು ಸೇತುವೆ ಹಾಕಿಸಿದ. ಶಾಹಜಹಾನ್ ಪಕ್ಕದಲ್ಲೇ ಕೆಂಪುಕೋಟೆ ಎಬ್ಬಿಸಿದ. ಔರಂಗಜೇಬನ ಕಾಲಕ್ಕೆ ದ್ವೀಪ ಜೈಲಾಯಿತು. ಅವನ ತಮ್ಮ ಮುರಾದ್ ಬಕ್ಷ್ ಗ್ವಾಲಿಯರಿಗೆ ಹೋಗುವ ಮೊದಲು ಇಲ್ಲಿದ್ದ. 1945ರಲ್ಲಿ ಬ್ರಿಟಿಷರು ಆಜಾದ್ ಹಿಂದ್ ಫೌಜಿನ ಸೈನಿಕರನ್ನು ಇಲ್ಲೇ ಕೂಡಿಹಾಕಿದರು. ಈ ನಡುವೆ ರೈಲಿನವರು ಜಹಾಂಗೀರನ ಸೇತುವೆ ಕೆಡವಿ ಕೋಟೆಯ ಹೊಟ್ಟೆಯೊಳಗಿಂದಲೇ ಹಳಿ ಹಾಯಿಸಿದ್ದರು. ನದಿ ತಾನಾಗಿ ಪೂರ್ವಕ್ಕೆ ಸರಿಯುತ್ತ ಹೋಯಿತು. ಅದು ಬಿಟ್ಟ ಪಾತ್ರದ ಮೇಲೆ ರಿಂಗ್ ರೋಡ್ ಬಂತು.

ಹವಳದ ದ್ವೀಪಗಳ ಬಗ್ಗೆ ಚಾರ್ಲ್ಸ್ ಡಾರ್ವಿನ್ 1842ರಲ್ಲಿ ಒಂದು ಪುಸ್ತಕ ಬರೆದ. ಕಡಲ ನಡುವೆ ಬೆಂಕಿಬೆಟ್ಟ ನಿಧಾನಕ್ಕೆ ಮುಳುಗುತ್ತದೆ, ಅದರ ಅಂಚಿಗೆ ಬೆಳೆದ ಹವಳ ಮಾತ್ರ ನೀರಿನ ಮಟ್ಟಕ್ಕೆ ಏರುತ್ತಲೇ ಇರುತ್ತದೆ, ಕೊನೆಗೆ ಬೆಟ್ಟವಿಲ್ಲ, ಬಳೆಯಂಥ ಗೋಡೆ ಇದೆ. ಲಕ್ಷದ್ವೀಪ ಅಂಥದ್ದು. ಅದರ ಅಮೀನಿದೀವಿ ಭಾಗ 1956ರವರೆಗೂ ಮಂಗಳೂರಿನ ಕಲೆಕ್ಟರರ ಕೈಕೆಳಗಿತ್ತು ಎಂಬುದನ್ನು ಇಂದಿನ ಮಂಗಳೂರಿಗರೇ ಮರೆತಿರಬಹುದು. ಸಲೀಂಗಢದ ಕಥೆ ಡಾರ್ವಿನ್ನನದಕ್ಕೆ ತಿರುವುಮುರುವು. ಇಲ್ಲಿ ನೆಲ ಎಲ್ಲಿತ್ತೋ ಅಲ್ಲೇ ಇದೆ. ಸುತ್ತಲ ನೀರೇ ಎದ್ದುಹೋದದ್ದು.

ಅಲ್ಲಿಗೆ ದೋಣಿ ಹೋಗುವುದಿಲ್ಲ. ದಡಕ್ಕಿಳಿದು, ಸುತ್ತಿ ಬಳಸಿ, ಕೆಂಪುಕೋಟೆಯ ಟಿಕೆಟ್ ಸಾಲಿನಲ್ಲಿ ನಿಂತು, ಚೀಲ ಪರೀಕ್ಷೆ ಮಾಡಿಸಿ, ಮೊಗಲರ ಅರಮನೆಗಳ ಮುಂದೆ ಸೆಲ್ಫಿ ತೆಗೆಯುವವರನ್ನು ದಾಟಿ, ಕೊನೆಗೊಂದು ಸೇತುವೆ ಹಾಯಬೇಕು. ಅದರ ಕೆಳಗೆ ಹರಿಯುವುದು ರಸ್ತೆ. ಎದುರಿಗೆ ಬಹಾದುರ್ ಶಾಹ ಗೇಟು. ಕೊನೆಯ ಬಾದಶಾಹ 1854ರ ಸುಮಾರಿಗೆ, ತನ್ನ ರಾಜ್ಯ ಕೋಟೆಯ ಗೋಡೆಯೊಳಗಷ್ಟೇ ಉಳಿದಿದ್ದಾಗ, ಕಟ್ಟಿಸಿದ ಇಟ್ಟಿಗೆಯ ಬಾಗಿಲು. ಬಾಗಿಲಾಚೆ ಸದ್ದು ತಟ್ಟನೆ ಇಳಿಯುತ್ತದೆ. ಬೇವು, ಅರಳಿ, ಅಳಿಲು, ಬೀಗ ಹಾಕಿದ ಬ್ಯಾರಕ್ಕುಗಳು. ಅಷ್ಟೊಂದು ಪ್ರವಾಸಿಗಳಲ್ಲಿ ಇತ್ತ ಬಂದವರು ನೀವು ಮತ್ತು ಮರೆ ಹುಡುಕಿ ಬಂದ ಒಂದು ಜೋಡಿ.

ಕಾವಲುಗಾರನಿಗೆ ಮಾತು ಬೇಕಾಗಿದೆ. ರಾತ್ರಿ ಇಲ್ಲಿ ಸರಪಳಿಯ ಸದ್ದು ಕೇಳುತ್ತದಂತೆ, ಎಲ್ಲರೂ ಹೇಳುತ್ತಾರಂತೆ, ಅವನು ಕೇಳಿಲ್ಲ. ಅದನ್ನು ಬಿಟ್ಟು ನೆರೆಯ ವಿಷಯ ತೆಗೆದರೆ ಅವನ ಮುಖವೇ ಬೇರೆಯಾಗುತ್ತದೆ. 2023ರ ಜುಲೈ 13ರಂದು ಹಳೆಯ ರೈಲು ಸೇತುವೆಯ ಬಳಿ ಯಮುನೆ 208.66 ಮೀಟರಿಗೇರಿತು. ಅಪಾಯದ ಮಟ್ಟ 205.33. 1978ರ 207.49ರ ದಾಖಲೆ ಅಳಿಸಿಹೋಯಿತು. ರಿಂಗ್ ರೋಡ್ ಮುಳುಗಿ ಕೆಂಪುಕೋಟೆಯ ಹಿಂದಿನ ಗೋಡೆಗೆ ನೀರು ಬಡಿಯಿತು. ಮೊಗಲರ ಕಾಲದ ಚಿತ್ರಗಳಲ್ಲಿ ನದಿ ಎಲ್ಲಿದೆಯೋ ಅಲ್ಲಿಗೇ ಬಂದು ನಿಂತಿತ್ತು.

"ಇಲ್ಲಿಂದ ಅಲ್ಲಿವರೆಗೂ ನೀರು ಸರ್. ಬಸ್ಸಿಲ್ಲ, ಹಾರನ್ನಿಲ್ಲ," ಎಂದು ಗೋಡೆಯಾಚೆಗೆ ಕೈ ಬೀಸುತ್ತಾನೆ. "ಆಗ ಇದು ಕೋಟೆ ಅನ್ನಿಸಿತು."

ಕೈ ಬೀಸಿದಲ್ಲಿ ಈಗ ಮೂರು ಸಾಲು ಕಾರುಗಳು ನಿಂತಿವೆ. ಅದರಾಚೆ ಮರಗಳು, ಅದರಾಚೆ ನೀವು ಬೆಳಗ್ಗೆ ಹತ್ತಿದ ಘಾಟು. ಹಕ್ಕಿ ಹಾರಿದರೆ ಐದು ನಿಮಿಷದ ದಾರಿ ಇಲ್ಲ. ಅಲ್ಲಿಯೇ ಬಿಟ್ಟುಬಂದ ಸ್ಕೂಟರಿಗೆಂದು ಕೆಂಪುಕೋಟೆಯ ಹೊರಗೆ ಆಟೊ ಕೇಳುತ್ತೀರಿ. ಯಮುನಾ ಬಜಾರು ಎಂದೊಡನೆ ಡ್ರೈವರ್ ತಲೆಯಾಡಿಸುತ್ತಾನೆ. ಜಾಮ್ ಇದೆ, ಯೂ ಟರ್ನ್ ಬಹಳ ದೂರ, ಮೀಟರ್ ಆಗುವುದಿಲ್ಲ. ಅವನು ಕೇಳುವ ದುಡ್ಡು ದೋಣಿಯವನ ಬಾಡಿಗೆಗಿಂತ ಸ್ವಲ್ಪವೇ ಕಡಿಮೆ.