ಅಜ್ಜನವರ ಪೆಟ್ಟಿಗೆಯ ಮಂದ್ರನಾದ

ಮಲ್ಲಿಕಾರ್ಜುನ ಮನ್ಸೂರರು 1992ರಲ್ಲಿ ಅಗಲಿದರು. ಧಾರವಾಡದಿಂದ ದೆಹಲಿಗೆ ಬಂದ ನಮ್ಮ ಅಜ್ಜನವರಿಗೆ ಅವರ ಧ್ವನಿಮುದ್ರಿಕೆಗಳೇ ಸಂಪತ್ತು. ಆದರೆ ಹಳೆಯ ಸ್ಪೀಕರ್ ಪೆಟ್ಟಿಗೆಗಳಲ್ಲಿ ತಬಲೆಯ ಡಗ್ಗ ಒಡಕಾಗಿ ನುಡಿಯುತ್ತಿತ್ತು. ಕೆಂಪುಕೋಟೆಯ ಎದುರಿನ ಲಜಪತರಾಯ್ ಮಾರುಕಟ್ಟೆಯಿಂದ ನಾವು ಬಲವಾದ ಹೊಸ ವೂಫರುಗಳನ್ನು ತಂದು ಕೂಡಿಸಿದೆವು. ನಾದವೇನೋ ದೊಡ್ಡದಾಯಿತು; ಡಗ್ಗದ ಮಿಡಿತವೆಲ್ಲ ಒಂದೇ ಗುಡುಗಾಯಿತು. ಅಜ್ಜನವರು ಏನೂ ನುಡಿಯದೆ ಎದ್ದುಹೋದರು.

ವೂಫರು ಒಂಟಿಯಾಗಿ ದುಡಿಯುವುದಿಲ್ಲ. ಪೆಟ್ಟಿಗೆಯೊಳಗಿನ ಗಾಳಿ ಅದಕ್ಕೆ ಸ್ಪ್ರಿಂಗಿನಂತೆ. ಒಂದಕ್ಕೊಂದು ಹೊಂದದಿದ್ದರೆ ಮಂದ್ರ ಕೆಡುತ್ತದೆಂದು ಆಮೇಲೆ ಅರಿತೆವು. ಹಳೆಯ ವೂಫರುಗಳಲ್ಲಿ ಪುಡಿಯಾಗಿದ್ದುದು ಅಂಚಿನ ಫೋಮ್ ಮಾತ್ರ. ಅದನ್ನು ಬದಲಿಸಿ, ಅಂಟು ಒಣಗಿದ ಮೇಲೆ ಮರಳಿ ಕೂಡಿಸಿದೆವು. ಅಜ್ಜನವರ ಬೆರಳು ಕುರ್ಚಿಯ ತೋಳಿನ ಮೇಲೆ ತಾಳ ಹಾಕತೊಡಗಿತು.

ಹೊಸದನ್ನು ತರುವ ಮುನ್ನ ಹಳೆಯದರ ಕೊರತೆಯನ್ನು ಅರಿಯಬೇಕೆಂಬುದನ್ನು ನಾವು ಅಂದು ಕಲಿತೆವು.